ಎಐ ಏಜೆಂಟ್‌ಗಳು ಬಳಸುವ ಮ್ಯಾಟ್ರಿಕ್ಸ್ ಟೂಲಿಗೆ ನಾನು ವಿವರಣೆ ಬರೆದ ಬಗೆ

ಮ್ಯಾಟ್ರಿಕ್ಸ್‌ಗಳ ಗುಣಾಕಾರ, ವಿಲೋಮ, ನಿರ್ಧಾರಕ, ಐಗೆನ್ ಮೌಲ್ಯ ಹಾಗೂ ರೇಖೀಯ ಸಮೀಕರಣಗಳ ಪರಿಹಾರವನ್ನು ಲೆಕ್ಕ ಹಾಕಿಕೊಡುವ ಟೂಲೊಂದನ್ನು ಪೈಥಾನಿನ ಗಣಿತ ಲೈಬ್ರರಿಯಾದ ನಮ್‌ಪೈ ಆಧರಿಸಿ ಸಿದ್ಧಪಡಿಸಿ, ಎಐ ಮಾದರಿಗಳನ್ನು ಹೊರಗಿನ ಟೂಲುಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಮೂಲಕ ಎಐ ಏಜೆಂಟ್‌ಗಳಿಗೆ (ಟೂಲುಗಳನ್ನು ತಾವೇ ಕರೆದು ಕೆಲಸ ಮಾಡುವ ಪ್ರೋಗ್ರಾಮ್‌ಗಳಿಗೆ) ಒದಗಿಸುವಾಗ, ಕೋಡಿಗಿಂತ ಅದರ ವಿವರಣೆಗೇ ನನಗೆ ಹೆಚ್ಚು ಸಮಯ ಹಿಡಿಯಿತು. 2024ರ ನವೆಂಬರಿನಲ್ಲಿ ಬಿಡುಗಡೆಯಾದ ಈ ಪ್ರೊಟೊಕಾಲ್‌ನಲ್ಲಿ ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ ಮತ್ತು ಇನ್‌ಪುಟ್ ಹೇಗಿರಬೇಕೆಂದು ಜೇಸನ್ ಎಂಬ ದತ್ತಾಂಶ ರೂಪದಲ್ಲಿ ಹೇಳುವ ಸ್ಕೀಮಾ ಇರುತ್ತವೆ. ಏಜೆಂಟಿನ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಇಷ್ಟೇ. ಮನುಷ್ಯರಾದರೆ ಸಂದೇಹ ಬಂದಲ್ಲಿ ಮೂಲ ಕೋಡನ್ನು ತೆರೆದು ನೋಡುತ್ತಾರೆ, ಇಲ್ಲವೇ ಬರೆದವರನ್ನು ಕೇಳುತ್ತಾರೆ. ಏಜೆಂಟ್ ಮಾತ್ರ ಬರೆಯದೆ ಬಿಟ್ಟಿದ್ದನ್ನು ತಾನೇ ಊಹಿಸಿಕೊಂಡು ಮುಂದುವರಿಯುತ್ತದೆ. ಕರೆ ವಿಫಲವಾದರೆ ಅಪಾಯವಿಲ್ಲ. ಊಹೆ ತಪ್ಪಾಗಿದ್ದೂ ಸಂಖ್ಯೆಗಳು ಅಚ್ಚುಕಟ್ಟಾಗಿ ಹೊರಬಂದರೆ ಅದನ್ನು ಹಿಡಿಯುವವರೇ ಇರುವುದಿಲ್ಲ. ಆದ್ದರಿಂದ ಸದ್ದಿಲ್ಲದೆ ತಪ್ಪಾಗಬಹುದಾದ ಜಾಗಗಳನ್ನೇ ಮೊದಲು ಹುಡುಕಿ ಬರೆದೆ.

ಅಂಥ ಮೊದಲ ಜಾಗ ಅಡ್ಡಸಾಲು ಮತ್ತು ಕಂಬಸಾಲುಗಳದು. 1ರಿಂದ 6ರವರೆಗಿನ ಸಂಖ್ಯೆಗಳನ್ನು ಒಂದೇ ಪಟ್ಟಿಯಾಗಿ ಕೊಟ್ಟು, ಎರಡು ಅಡ್ಡಸಾಲು ಮೂರು ಕಂಬಸಾಲು ಎಂದರೆ, ನಮ್‌ಪೈ ಸಾಮಾನ್ಯವಾಗಿ ಅನುಸರಿಸುವ ಕ್ರಮದಲ್ಲಿ ಮೊದಲ ಅಡ್ಡಸಾಲು 1, 2, 3 ಆಗುತ್ತದೆ. ಫೋರ್ಟ್ರಾನ್ ಮತ್ತು ಮ್ಯಾಟ್‌ಲ್ಯಾಬ್‌ಗಳ ಕ್ರಮದಲ್ಲಿ ಅದೇ 1, 3, 5 ಆಗುತ್ತದೆ. ಚೌಕ ಮ್ಯಾಟ್ರಿಕ್ಸಿನಲ್ಲಿ ಈ ಗೊಂದಲವನ್ನು ಪತ್ತೆಹಚ್ಚುವುದು ಇನ್ನೂ ಕಷ್ಟ, ಏಕೆಂದರೆ ಅಡ್ಡಸಾಲುಗಳು ಕಂಬಸಾಲುಗಳಾಗಿ ಅದಲುಬದಲಾದರೂ ನಿರ್ಧಾರಕ, ರ‍್ಯಾಂಕ್, ಐಗೆನ್ ಮೌಲ್ಯ ಮೂರೂ ಇದ್ದಂತೆಯೇ ಇರುತ್ತವೆ. ಅವುಗಳಿಂದ ತಾಳೆ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ; ಸಮೀಕರಣ ಬಿಡಿಸಲು ಹೊರಟಾಗ ಉತ್ತರ ಬೇರೆಯಾಗುತ್ತದೆ. ಹೀಗಾಗಿ ಒಂದೇ ಪಟ್ಟಿಯ ರೂಪವನ್ನು ಸ್ಕೀಮಾದಿಂದಲೇ ತೆಗೆದುಹಾಕಿ, ಪಟ್ಟಿಯೊಳಗೆ ಪಟ್ಟಿಗಳಿರಬೇಕು, ಒಳಗಿನ ಪ್ರತಿ ಪಟ್ಟಿಯೂ ಒಂದು ಅಡ್ಡಸಾಲು ಎಂದು ನಮೂದಿಸಿದೆ. ಜೊತೆಗೆ ಕೊಟ್ಟ ಉದಾಹರಣೆಯನ್ನೂ ಬೇಕೆಂದೇ 2×3 ಅಳತೆಯದಾಗಿ ಆರಿಸಿದೆ. ಐಡೆಂಟಿಟಿ ಮ್ಯಾಟ್ರಿಕ್ಸನ್ನೋ ಸಮಮಿತಿಯುಳ್ಳ ಮ್ಯಾಟ್ರಿಕ್ಸನ್ನೋ ಉದಾಹರಣೆಯಾಗಿ ಕೊಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅಡ್ಡಸಾಲುಗಳನ್ನು ಕಂಬಸಾಲುಗಳಾಗಿ ಅದಲುಬದಲು ಮಾಡಿದರೂ ಅವು ಬದಲಾಗದ ಕಾರಣ, ಸ್ಪಷ್ಟಪಡಿಸಬೇಕಾದ ವಿಷಯವನ್ನೇ ಅವು ಮರೆಮಾಡುತ್ತವೆ.

ಎರಡನೆಯದು ಉತ್ತರದ ನಂಬಿಕೆಯ ಪ್ರಶ್ನೆ. ಒಂದು ಮ್ಯಾಟ್ರಿಕ್ಸಿಗೆ ವಿಲೋಮ ಉಂಟೇ ಎಂದು ತಿಳಿಯಲು ಏಜೆಂಟ್‌ಗಳು ಪಠ್ಯಪುಸ್ತಕದ ರೀತಿಯಲ್ಲಿ ನಿರ್ಧಾರಕವನ್ನು ಕೇಳಿ, ಅದನ್ನು ಸೊನ್ನೆಗೆ ಹೋಲಿಸುತ್ತಿದ್ದವು. 1ರಿಂದ 9ರವರೆಗಿನ ಸಂಖ್ಯೆಗಳನ್ನು ಕ್ರಮವಾಗಿ ತುಂಬಿದ 3×3 ಮ್ಯಾಟ್ರಿಕ್ಸಿನ ನಿರ್ಧಾರಕ ನಿಜವಾಗಿ 0; ಆದರೆ ಕಂಪ್ಯೂಟರಿನ ಸುಮಾರು 16 ಅಂಕಿಗಳ ನಿಖರತೆಯ ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ ಅದು 10⁻¹⁶ರ ಆಸುಪಾಸಿನ ಸಂಖ್ಯೆಯಾಗಿ ಬರುವುದುಂಟು, ಆಗ ವಿಲೋಮವೂ 10¹⁵ರಷ್ಟು ದೊಡ್ಡ ಅರ್ಥಹೀನ ಸಂಖ್ಯೆಗಳೊಂದಿಗೆ ಹೊರಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಕರ್ಣದ ಮೇಲೆಲ್ಲ 0.1, ಉಳಿದೆಡೆ 0 ಇರುವ 10×10 ಮ್ಯಾಟ್ರಿಕ್ಸಿನ ನಿರ್ಧಾರಕ 10⁻¹⁰ ಆಗಿದ್ದರೂ ಅದರ ವಿಲೋಮಕ್ಕೆ ಯಾವ ತೊಂದರೆಯೂ ಇಲ್ಲ. ನೋಡಬೇಕಾದದ್ದು ಇನ್‌ಪುಟ್ಟಿನ ಸಣ್ಣ ದೋಷ ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದೆಂದು ಹೇಳುವ ಕಂಡಿಷನ್ ಸಂಖ್ಯೆಯನ್ನು. ಇದನ್ನು ವಿವರಣೆಯಲ್ಲಿ ಉಪದೇಶದಂತೆ ಬರೆಯುವುದಕ್ಕಿಂತ, ವಿಲೋಮ ಮತ್ತು ಸಮೀಕರಣ ಪರಿಹಾರದ ಪ್ರತಿ ಉತ್ತರದೊಂದಿಗೂ ಕಂಡಿಷನ್ ಸಂಖ್ಯೆಯನ್ನು ಹಿಂದಿರುಗಿಸಿ, ಅದು 10¹⁰ನ್ನು ದಾಟಿದಾಗ ಎಷ್ಟು ಅಂಕಿಗಳನ್ನು ನಂಬಬಹುದು ಎಂಬ ಒಂದು ವಾಕ್ಯವನ್ನು ಸೇರಿಸುವುದು ಹೆಚ್ಚು ಫಲ ನೀಡಿತು. 1, 1/2, 1/3 ಮುಂತಾದ ಭಿನ್ನರಾಶಿಗಳಿಂದಾದ 10×10 ಹಿಲ್ಬರ್ಟ್ ಮ್ಯಾಟ್ರಿಕ್ಸಿನ ಕಂಡಿಷನ್ ಸಂಖ್ಯೆ ಸುಮಾರು 1.6×10¹³, ಅಂದರೆ 16 ಅಂಕಿಗಳಲ್ಲಿ ಮೂರರಷ್ಟನ್ನು ಮಾತ್ರ ನೆಚ್ಚಿಕೊಳ್ಳಬಹುದು.

ಯಾವ ಕೆಲಸಕ್ಕೆ ಟೂಲಿನ ಯಾವ ಲೆಕ್ಕ ಸಲ್ಲದು ಎಂಬುದನ್ನೂ ಬರೆಯಬೇಕಾಯಿತು. ಸಮೀಕರಣ ಬಿಡಿಸಲು ವಿಲೋಮ ಕಂಡುಹಿಡಿದು ಗುಣಿಸುವುದು ತರಗತಿಯ ಪದ್ಧತಿಯಾದರೂ, ಲೆಕ್ಕದಲ್ಲಿ ಅದು ನಿಧಾನ ಮತ್ತು ಸಾಮಾನ್ಯವಾಗಿ ಕಡಿಮೆ ನಿಖರ. ವಿಲೋಮದ ವಿವರಣೆಯ ಮೊದಲ ವಾಕ್ಯವಾಗಿಯೇ, ಸಮೀಕರಣಗಳ ಪರಿಹಾರ ಬೇಕಿದ್ದರೆ ಪರಿಹಾರದ ಲೆಕ್ಕವನ್ನೇ ಬಳಸಿ ಎಂದು ಹಾಕಿದೆ. ಕೊನೆಯಲ್ಲಿ ಟಿಪ್ಪಣಿಯಾಗಿ ಇಟ್ಟಿದ್ದಾಗ ಏಜೆಂಟ್‌ಗಳ ಆಯ್ಕೆ ಅಷ್ಟಾಗಿ ಬದಲಾಗಿರಲಿಲ್ಲ.

ದೋಷ ಸಂದೇಶಗಳನ್ನು ನಾನು ವಿವರಣೆಯ ಭಾಗವೆಂದೇ ಪರಿಗಣಿಸಿದೆ. ಅಳತೆ ಹೊಂದುತ್ತಿಲ್ಲ ಎಂದಷ್ಟೇ ಹೇಳಿದರೆ ಏಜೆಂಟ್ ಅದೇ ಕರೆಯನ್ನು ಮತ್ತೆ ಕಳುಹಿಸುತ್ತದೆ. ಮೊದಲ ಮ್ಯಾಟ್ರಿಕ್ಸ್ 2×3, ಎರಡನೆಯದು 2×2, ಮೊದಲನೆಯದರ ಕಂಬಸಾಲುಗಳ ಸಂಖ್ಯೆ ಎರಡನೆಯದರ ಅಡ್ಡಸಾಲುಗಳ ಸಂಖ್ಯೆಗೆ ಸಮನಾಗಿರಬೇಕು ಎಂದು ಬರೆದರೆ ಮುಂದಿನ ಕರೆಯಲ್ಲಿ ಸಾಮಾನ್ಯವಾಗಿ ತಿದ್ದಿಕೊಳ್ಳುತ್ತದೆ. ಇಂಥ ದೋಷಗಳನ್ನು ಪ್ರೊಟೊಕಾಲ್ ಮಟ್ಟದ ದೋಷವಾಗಿ ಎಸೆಯದೆ, ಟೂಲಿನ ಉತ್ತರದೊಳಗೇ ದೋಷವೆಂದು ಗುರುತು ಹಾಕಿ ಕೊಡಬೇಕು. ಆಗಲೇ ಸಂದೇಶ ಏಜೆಂಟಿನ ಹಿಂದಿರುವ ಎಐ ಮಾದರಿಯನ್ನು ತಲುಪುತ್ತದೆ.

ಸಂಖ್ಯೆಗಳ ರೂಪದ ಬಗ್ಗೆ ಎರಡು ಮಾತು ಸಾಕು. ಜೇಸನ್‌ನಲ್ಲಿ ನ್ಯಾನ್ (ಸಂಖ್ಯೆಯೇ ಅಲ್ಲದ ಫಲ), ಇನ್ಫಿನಿಟಿಗಳಿಗೆ (ಅನಂತಕ್ಕೆ) ಜಾಗವಿಲ್ಲ, ಆದರೂ ಪೈಥಾನಿನ ಜೇಸನ್ ಮಾಡ್ಯೂಲ್ ತಡೆಯದಿದ್ದರೆ ಅವನ್ನು ಬರೆದುಬಿಡುತ್ತದೆ. ಆ ಆಯ್ಕೆಯನ್ನು ಮುಚ್ಚಿದೆ. ವಾಸ್ತವ ಸಂಖ್ಯೆಗಳಷ್ಟೇ ಇರುವ ಮ್ಯಾಟ್ರಿಕ್ಸಿಗೂ ಸಂಕೀರ್ಣ ಐಗೆನ್ ಮೌಲ್ಯಗಳು ಇರಬಹುದಾದ್ದರಿಂದ, ವಾಸ್ತವ ಭಾಗ ಮತ್ತು ಕಾಲ್ಪನಿಕ ಭಾಗಗಳನ್ನು ಯಾವಾಗಲೂ ಪ್ರತ್ಯೇಕವಾಗಿ ಕೊಡುವುದೆಂದು ತೀರ್ಮಾನಿಸಿದೆ.

ಇಷ್ಟೆಲ್ಲ ಸೇರಿದಾಗ ವಿವರಣೆ ಉದ್ದವಾಯಿತು. ಅದು ಇತರ ಟೂಲುಗಳ ವಿವರಣೆಗಳೊಂದಿಗೆ ಏಜೆಂಟಿನ ಸೀಮಿತ ಕಾಂಟೆಕ್ಸ್ಟಿನಲ್ಲಿ, ಅಂದರೆ ಅದು ಒಮ್ಮೆಗೆ ಗಮನಿಸಬಲ್ಲ ಪಠ್ಯದಲ್ಲಿ, ಜಾಗ ಹಿಡಿಯುವುದರಿಂದ, ಕರೆ ಮಾಡುವ ಮೊದಲೇ ತಿಳಿದಿರಬೇಕಾದದ್ದನ್ನು ಮಾತ್ರ ಅಲ್ಲಿ ಉಳಿಸಿ, ಉಳಿದುದನ್ನು ಉತ್ತರಗಳಿಗೂ ದೋಷ ಸಂದೇಶಗಳಿಗೂ ಹಂಚಿದೆ. ದೊಡ್ಡ ಮ್ಯಾಟ್ರಿಕ್ಸ್‌ಗಳ ವಿಷಯದಲ್ಲಿ ಟೂಲಿನ ವಿನ್ಯಾಸವನ್ನೇ ಬದಲಿಸಬೇಕಾಯಿತು: 100×100 ಎಂದರೆ ಹತ್ತು ಸಾವಿರ ಸಂಖ್ಯೆಗಳು, ಅವನ್ನು ಏಜೆಂಟ್ ಒಂದೊಂದಾಗಿ ಮರುಬರೆಯುವಾಗ ಒಂದೆರಡು ತಪ್ಪಿಹೋದರೂ ಗೊತ್ತಾಗುವುದಿಲ್ಲ. ಈಗ ಪ್ರತಿ ಫಲಿತಾಂಶಕ್ಕೂ ಟೂಲು ಒಂದು ಗುರುತಿನ ಹೆಸರು ಕೊಡುತ್ತದೆ, ಮುಂದಿನ ಕರೆಯಲ್ಲಿ ಸಂಖ್ಯೆಗಳ ಬದಲು ಆ ಹೆಸರನ್ನೇ ಕಳುಹಿಸಬಹುದು. ವಿವರಣೆಯ ಯಾವ ವಾಕ್ಯವನ್ನು ಬದಲಿಸಿದರೂ ಅದೇ ಪ್ರಶ್ನೆಗಳನ್ನು ಏಜೆಂಟಿಗೆ ಮತ್ತೆ ಕೊಟ್ಟು ಕರೆಗಳ ದಾಖಲೆಯನ್ನು ಓದುತ್ತೇನೆ. ಒಮ್ಮೆಗೆ ಒಂದೇ ವಾಕ್ಯ ಬದಲಿಸಿದರೆ ಮಾತ್ರ ಯಾವುದರಿಂದ ಏನಾಯಿತೆಂದು ಹೇಳಲು ಸಾಧ್ಯ.