ಕ್ರೂಸ್ ಮುಗಿಸಿ ಸಿಂಗಪುರದಲ್ಲಿ ಇಳಿಯುವಾಗ ಇಮಿಗ್ರೇಷನ್ ಬೇಗ ಮುಗಿಸುವುದು ಹೇಗೆ?

ಸಿಂಗಪುರದಿಂದ ಮೂರು ಸಲ ಕ್ರೂಸ್ ಹೋಗಿ ಬಂದಿದ್ದೇನೆ. ಮೂರು ಸಲವೂ ವಾಪಸ್ ಇಳಿಯುವ ದಿನ ಒಂದೇ ನೋಟ. ಇಮಿಗ್ರೇಷನ್ ಹಾಲ್‌ನ ಮೂಲೆಯಲ್ಲಿ ನಮ್ಮ ಕಡೆಯವರ ಒಂದು ಗುಂಪು. ಒಬ್ಬರ ಕೈಯಲ್ಲಿ ಎಂಟು ಪಾಸ್‌ಪೋರ್ಟು, ಇನ್ನೊಬ್ಬರ ಕೈಯಲ್ಲಿ ಚಾರ್ಜ್ ಮುಗಿಯುತ್ತಿರುವ ಮೊಬೈಲು. "ಅಪ್ಪನ ಪಾಸ್‌ಪೋರ್ಟ್ ನಂಬರ್ ಓದೇ", "ಹಡಗಿನ ಹೆಸರು ಏನು ಹಾಕ್ಲಿ?", "ನೆಟ್ ಬರ್ತಿಲ್ಲ ಕಣ್ರೀ". ಪಕ್ಕದಲ್ಲೇ ಕ್ಯೂ ಸರಸರ ಸಾಗುತ್ತಿರುತ್ತದೆ.

ಮೊದಲ ಸಲ ಆ ಗುಂಪಿನಲ್ಲಿ ನಾನೂ ಇದ್ದೆ. ಮುಕ್ಕಾಲು ಗಂಟೆ ಹೋಯಿತು. ಎರಡನೇ ಸಲ ಹತ್ತು ನಿಮಿಷಕ್ಕೆ ಹೊರಗಿದ್ದೆ. ಹಡಗಿನಿಂದ ಮೊದಲು ಇಳಿದೆ ಅಂತ ಅಲ್ಲ, ಇಳಿಯುವ ಮೊದಲೇ ಒಂದು ಕೆಲಸ ಮುಗಿಸಿದ್ದೆ ಅಷ್ಟೆ.

ಒಂದು ವಿಷಯ ಮೊದಲೇ ತಲೆಗೆ ಹೋಗಬೇಕು. ಹೋದ ಹಡಗಿನಲ್ಲೇ ವಾಪಸ್ ಬರುತ್ತೀರಿ, ಹತ್ತಿದ ಜಾಗದಲ್ಲೇ ಇಳಿಯುತ್ತೀರಿ. ಆದರೂ ಹಡಗು ಹತ್ತುವಾಗಲೇ ನೀವು ಸಿಂಗಪುರ ಬಿಟ್ಟಾಗಿದೆ. ಇಳಿಯುವಾಗ ಹೊಸದಾಗಿ ದೇಶದ ಒಳಗೆ ಬರುತ್ತಿದ್ದೀರಿ. ಬೆಂಗಳೂರಿನಿಂದ ವಿಮಾನದಲ್ಲಿ ಬಂದಾಗ ಏನೇನು ಕೇಳಿದ್ದರೋ ಅದೆಲ್ಲ ಇನ್ನೊಂದು ಸಲ. ಮುಂಬೈ–ಗೋವಾ ಕ್ರೂಸ್ ಮಾಡಿ ಅಭ್ಯಾಸ ಇರುವವರಿಗೆ ಇದು ಹೊಳೆಯುವುದೇ ಇಲ್ಲ. ಅದು ನಮ್ಮ ದೇಶದೊಳಗಿನ ಪ್ರಯಾಣ, ಇಮಿಗ್ರೇಷನ್ ಮಾತೇ ಬರುವುದಿಲ್ಲ.

ಹಂತ 1: ವೀಸಾ ನೋಡಿಕೊಳ್ಳಿ

ಮನೆಯಲ್ಲೇ ಮಾಡುವ ಕೆಲಸ. ಭಾರತೀಯರಿಗೆ ಸಿಂಗಪುರಕ್ಕೆ ವೀಸಾ ಬೇಕು, ಅದು ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವ ಮಲ್ಟಿಪಲ್ ವೀಸಾ ಆಗಿರಬೇಕು. ಸಾಮಾನ್ಯವಾಗಿ ಹಾಗೇ ಕೊಡುತ್ತಾರೆ. ಆದರೂ ಕಾಗದದಲ್ಲಿ ಆ ಪದ ಇದೆಯಾ ಅಂತ ಕಣ್ಣಾರೆ ನೋಡಿ. ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳಾದರೂ ಆಯುಷ್ಯ ಇರಲಿ.

ಹಂತ 2: ಅರೈವಲ್ ಕಾರ್ಡ್ ಮತ್ತೆ ತುಂಬಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಸಿಂಗಪುರಕ್ಕೆ ಬರುವವರು ಎಸ್‌ಜಿ ಅರೈವಲ್ ಕಾರ್ಡ್ ಅನ್ನುವ ಆನ್‌ಲೈನ್ ಫಾರಂ ತುಂಬಬೇಕು. ಅಲ್ಲಿನ ಇಮಿಗ್ರೇಷನ್ ಇಲಾಖೆಯಾದ ಐಸಿಎಯ ವೆಬ್‌ಸೈಟಿನಲ್ಲಿ ಅಥವಾ ಮೈಐಸಿಎ ಆ್ಯಪ್‌ನಲ್ಲಿ ತುಂಬಬಹುದು. ಬೆಂಗಳೂರಿನಿಂದ ಹೊರಡುವಾಗ ನಿಮ್ಮ ಏಜೆಂಟ್ ತುಂಬಿಕೊಟ್ಟಿರುತ್ತಾರೆ. "ನಮ್ಮದು ಆಗಿದೆಯಲ್ಲ" ಎಂದು ನೀವು ನಿಶ್ಚಿಂತೆಯಿಂದ ಇರುತ್ತೀರಿ. ಆದರೆ ಆ ಕಾರ್ಡಿನ ಕೆಲಸ ಚಾಂಗಿ ವಿಮಾನ ನಿಲ್ದಾಣದಲ್ಲೇ ಮುಗಿಯಿತು. ಹಡಗಿನಿಂದ ಇಳಿಯುವುದಕ್ಕೆ ಹೊಸ ಕಾರ್ಡು ಬೇಕು. ಕೈಗೂಸಿಗೂ ಬೇಕು, ಎಂಬತ್ತರ ಅಜ್ಜಿಗೂ ಬೇಕು.

ಯಾವಾಗ ತುಂಬಬೇಕು? ಇಳಿಯುವ ದಿನವನ್ನೂ ಸೇರಿಸಿ 3 ದಿನದೊಳಗೆ. ಬೆರಳಲ್ಲಿ ಎಣಿಸಿ. ಶುಕ್ರವಾರ ಹೊರಟು ಭಾನುವಾರ ವಾಪಸ್ ಬರುವ ಎರಡು ರಾತ್ರಿಯ ಕ್ರೂಸ್ ಆದರೆ ಶುಕ್ರ, ಶನಿ, ಭಾನು. ಅಂದರೆ ಹಡಗು ಹತ್ತುವ ದಿನ ಬೆಳಿಗ್ಗೆ ಹೋಟೆಲ್ ವೈಫೈನಲ್ಲೇ ಮುಗಿಸಬಹುದು. ಮೂರು ರಾತ್ರಿಯದಾದರೆ ಸೋಮವಾರ ಇಳಿಯುತ್ತೀರಿ, ಶನಿವಾರದ ಮುಂಚೆ ತುಂಬುವ ಹಾಗಿಲ್ಲ. ಶನಿವಾರ ನೀವು ಇರುವುದು ನೀರಿನ ಮೇಲೆ. ಸಿಕ್ಕಿಬೀಳುವುದು ಹೀಗೆ.

ಹಡಗಿನ ಇಂಟರ್‌ನೆಟ್ ಪ್ಯಾಕೇಜ್ ಇದಕ್ಕೋಸ್ಕರ ಕೊಳ್ಳಬೇಡಿ. ದುಡ್ಡು ಜಾಸ್ತಿ, ವೇಗ ಕಡಿಮೆ. ಅದಕ್ಕಿಂತ ಮುಖ್ಯ, ಹಡಗು ಹೊರಟ ಕೂಡಲೇ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಕೊಳ್ಳಬಹುದು. ನಮ್ಮ ರೋಮಿಂಗ್ ಪ್ಯಾಕ್‌ಗಳಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ. ನಮ್ಮ ಷಡ್ಡಕರು ಹಾಗೆ ಒಂದು ರಾತ್ರಿ ವಾಟ್ಸ್ಆ್ಯಪ್ ನೋಡಿ, ಬಂದ ಬಿಲ್ಲನ್ನು ಇವತ್ತಿಗೂ ಅಕ್ಕನಿಗೆ ತೋರಿಸಿಲ್ಲ.

ನಾನು ಮಾಡುವುದು ಇಷ್ಟು. ನಡುವೆ ಹಡಗು ನಿಲ್ಲುವ ಊರಿನಲ್ಲಿ ತುಂಬುತ್ತೇನೆ. ಮಲೇಷ್ಯಾದ ಪೆನಾಂಗ್ ಆದರೆ ಸ್ವೆಟ್ಟನ್‌ಹ್ಯಾಮ್ ಪಿಯರ್‌ನಲ್ಲಿ ಇಳಿದು ಜಾರ್ಜ್‌ಟೌನ್‌ಗೆ ನಡೆದೇ ಹೋಗಬಹುದು. ಲಿಟಲ್ ಇಂಡಿಯಾದ ಯಾವುದಾದರೂ ವೈಫೈ ಇರುವ ಹೋಟೆಲಲ್ಲಿ ಕಾಫಿ ಹೇಳಿ, ಪಾಸ್‌ಪೋರ್ಟ್‌ಗಳ ಫೋಟೊ ತೆಗೆದು, ಎಲ್ಲರದ್ದೂ ಒಟ್ಟಿಗೆ ಮುಗಿಸಿ. ಗುಂಪಿನವರದ್ದನ್ನು ಒಂದೇ ಸಲ ಸಲ್ಲಿಸುವ ಸೌಲಭ್ಯ ಇದೆ. ಪಾಸ್‌ಪೋರ್ಟ್‌ಗಳ ಫೋಟೊ ಅಂದೆ ನೋಡಿ, ಅದನ್ನು ಹಡಗು ಹತ್ತುವ ಮೊದಲೇ ಫೋನಿನಲ್ಲಿ ಇಟ್ಟುಕೊಂಡಿರಿ. ಕೆಲವು ಹಡಗುಗಳಲ್ಲಿ ಹತ್ತುವಾಗ ಪಾಸ್‌ಪೋರ್ಟ್ ಇಸಕೊಂಡು ಕೊನೆಯಲ್ಲಿ ವಾಪಸ್ ಕೊಡುತ್ತಾರೆ. ಆಮೇಲೆ ನಂಬರಿಗೆ ಪರದಾಡಬೇಕಾಗುತ್ತದೆ.

ಮಲೇಷ್ಯಾದ್ದೂ ಒಂದು ಡಿಜಿಟಲ್ ಅರೈವಲ್ ಕಾರ್ಡ್ ಇದೆ. ಅದೇ ಬೇರೆ, ಇದೇ ಬೇರೆ. ಅದನ್ನು ತುಂಬಿ ಇದು ಆಯಿತು ಅಂದುಕೊಂಡವರನ್ನೂ ನೋಡಿದ್ದೇನೆ.

ಇನ್ನು ಫಾರಂನೊಳಗೆ ಎಡವಿ ಬೀಳುವ ಜಾಗಗಳು.

ಪಾಸ್‌ಪೋರ್ಟ್ ನಂಬರ್: ನಮ್ಮ ಪಾಸ್‌ಪೋರ್ಟ್‌ನಲ್ಲಿ ಮೊದಲು ಒಂದು ಇಂಗ್ಲಿಷ್ ಅಕ್ಷರ, ಆಮೇಲೆ 7 ಅಂಕಿ. ಹಾಗಾಗಿ ಮೊದಲನೆಯದು ಬಿಟ್ಟು ಬೇರೆಲ್ಲಿ ದುಂಡಗೆ ಕಂಡರೂ ಅದು ಸೊನ್ನೆಯೇ, 'ಓ' ಅಲ್ಲ. ಈ ಒಂದು ತಪ್ಪಿಗೆ ಕಾರ್ಡು ಇದ್ದೂ ಇಲ್ಲದ ಹಾಗಾಗುತ್ತದೆ.

ಹೆಸರು: ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆ. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಜಾಗ ಖಾಲಿ, ಅಥವಾ ಅಪ್ಪನ ಹೆಸರು, ಊರಿನ ಹೆಸರು ಸೇರಿಕೊಂಡಿರುತ್ತದೆ. ಇರುವುದನ್ನು ಇರುವ ಹಾಗೆ ಹಾಕಿ. ಇನಿಷಿಯಲ್ ಬಿಡಿಸಿ ಬರೆಯುವ ಉತ್ಸಾಹ ಬೇಡ.

ಹೇಗೆ ಬರುತ್ತಿದ್ದೀರಿ: ಸಮುದ್ರ ಮಾರ್ಗ, ಕ್ರೂಸ್, ಹಡಗಿನ ಹೆಸರು. ಇಲ್ಲಿ ವಿಮಾನದ ನಂಬರ್ ಹಾಕಿ ಕೂತವರಿದ್ದಾರೆ.

ಸಿಂಗಪುರಕ್ಕೆ ಬರುವ ಮೊದಲಿನ ಊರು: ಕೊನೆಗೆ ಹಡಗು ನಿಂತಿದ್ದ ಬಂದರು. ಬೆಂಗಳೂರು ಅಲ್ಲ. ಬೆಂಗಳೂರು ಬರಬೇಕಾದ್ದು ಸಿಂಗಪುರದಿಂದ ಮುಂದೆ ಎಲ್ಲಿಗೆ ಅನ್ನುವ ಕಡೆ.

ಇಮೇಲ್: ನಿಮ್ಮದೇ ಹಾಕಿ. ಸಿಂಗಪುರದಲ್ಲಿ ಈಗ ಪಾಸ್‌ಪೋರ್ಟ್ ಮೇಲೆ ಮುದ್ರೆ ಒತ್ತುವುದಿಲ್ಲ. ಎಷ್ಟು ದಿನ ಇರಬಹುದು ಅನ್ನುವ ಇ-ಪಾಸ್ ಇಮೇಲ್‌ಗೆ ಬರುತ್ತದೆ. ಒಂದು ಟ್ರಿಪ್‌ನಲ್ಲಿ ಏಜೆಂಟ್ ಮಹಾಶಯರು ಇಪ್ಪತ್ತೆರಡು ಜನಕ್ಕೂ ತಮ್ಮದೇ ಇಮೇಲ್ ಕೊಟ್ಟಿದ್ದರು. ನಮ್ಮ ಪಾಸ್‌ಗಳೆಲ್ಲ ಅವರ ಇನ್‌ಬಾಕ್ಸ್‌ನಲ್ಲಿ, ಅವರು ಊರಲ್ಲಿ ನಿದ್ದೆಯಲ್ಲಿ.

ತಪ್ಪು ಹಾಕಿ ಸಲ್ಲಿಸಿಬಿಟ್ಟರೆ ಗಾಬರಿ ಬೇಡ, ಸರಿಯಾಗಿ ಇನ್ನೊಂದು ತುಂಬಿ. ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪ್ರಿಂಟ್ ಬೇಕಿಲ್ಲ.

ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಅನ್ನಿಸುವ ಖಾಸಗಿ ತಾಣಗಳು ಮೇಲೆ ಬಂದು ಕೂತಿರುತ್ತವೆ. ಇದೇ ಫಾರಂಗೆ ದುಡ್ಡು ಕೇಳುತ್ತವೆ, ಕ್ರೆಡಿಟ್ ಕಾರ್ಡ್ ಕೇಳುತ್ತವೆ. ವಿಳಾಸದಲ್ಲಿ 'ಐಸಿಎ ಡಾಟ್ ಗವ್ ಡಾಟ್ ಎಸ್‌ಜಿ' ಇಲ್ಲದಿದ್ದರೆ ಮುಚ್ಚಿಬಿಡಿ. ಇನ್ನೊಂದು ಮಾತು, ಈ ಕಾರ್ಡು ವೀಸಾ ಅಲ್ಲ. ವೀಸಾ ಬೇರೆಯೇ ಇರಬೇಕು.

ಹಂತ 3: ಹಿಂದಿನ ರಾತ್ರಿ ಬ್ಯಾಗು

ಹಿಂದಿನ ದಿನ ಕ್ಯಾಬಿನ್‌ಗೆ ಬಣ್ಣದ ಅಥವಾ ನಂಬರಿನ ಟ್ಯಾಗ್ ಬರುತ್ತದೆ. ಅದನ್ನು ಕಟ್ಟಿ ರಾತ್ರಿ ಬಾಗಿಲ ಹೊರಗಿಟ್ಟರೆ ಅವರೇ ಇಳಿಸುತ್ತಾರೆ. ಆದರೆ ಕೆಳಗೆ ಹೋದ ಮೇಲೆ ನೂರಾರು ಕಪ್ಪು ಟ್ರಾಲಿಗಳ ನಡುವೆ ನಿಮ್ಮದನ್ನು ಹುಡುಕಬೇಕು. ಮೂರು ನಾಲ್ಕು ರಾತ್ರಿಯ ಕ್ರೂಸ್‌ಗೆ ಇದರ ಉಸಾಬರಿ ಯಾಕೆ? ಒಬ್ಬರಿಗೊಂದು ಸಣ್ಣ ಟ್ರಾಲಿ, ನಾವೇ ಎಳೆದುಕೊಂಡು ಇಳಿಯುವುದು. ಹಾಗೆ ಇಳಿಯುವವರನ್ನು ಸಾಮಾನ್ಯವಾಗಿ ಮೊದಲ ಗುಂಪಿನಲ್ಲೇ ಬಿಡುತ್ತಾರೆ. ದೊಡ್ಡ ಸೂಟ್‌ಕೇಸನ್ನು ಸಿಂಗಪುರದ ಹೋಟೆಲಿನಲ್ಲೇ ಬಿಟ್ಟು ಬನ್ನಿ.

ಹೊರಗಿಡಲೇಬೇಕು ಅಂದರೆ ಪಾಸ್‌ಪೋರ್ಟು, ಬಿಪಿ ಮಾತ್ರೆ, ಮಾರನೇ ದಿನದ ಬಟ್ಟೆ ಒಳಗೆ ಉಳಿಸಿಕೊಳ್ಳಿ. ನಗಬೇಡಿ. ಬೆಳಿಗ್ಗೆ ತಿಂಡಿ ಹಾಲ್‌ಗೆ ಲುಂಗಿಯಲ್ಲಿ ಬಂದ ಯಜಮಾನರನ್ನು ನಾನೇ ನೋಡಿದ್ದೇನೆ. ಪ್ಯಾಂಟೆಲ್ಲ ಆಗಲೇ ಕೆಳಗೆ ಹೋಗಿತ್ತು.

ಹಂತ 4: ಬಿಲ್

ರಾತ್ರಿಯೇ ಚುಕ್ತಾ ಮಾಡಿ. ಬೆಳಿಗ್ಗೆ ರಿಸೆಪ್ಷನ್ ಮುಂದೆ ತಿರುಪತಿ ಕ್ಯೂ.

ಹಂತ 5: ಇಳಿಯುವ ಹೊತ್ತು

ಜೆಂಟಿಂಗ್ ಡ್ರೀಮ್‌ನಂಥ ಹಡಗಿನಲ್ಲಿ 3,300ಕ್ಕೂ ಹೆಚ್ಚು ಪ್ರಯಾಣಿಕರು ಹಿಡಿಸುತ್ತಾರೆ. ಎಲ್ಲರಿಗೂ ಮೊದಲು ಇಳಿಯುವ ಆಸೆ. ಇಲ್ಲಿ ಎರಡೇ ದಾರಿ ಅನ್ನುವುದು ನನ್ನ ಅನುಭವ. ಒಂದೋ ಮೊದಲ ಗುಂಪಿನಲ್ಲಿ ಹೋಗಿ, ಇಲ್ಲವೇ ಸಾವಕಾಶವಾಗಿ ತಿಂಡಿ ತಿಂದು ಕೊನೆಯ ಗುಂಪಿನಲ್ಲಿ ಹೋಗಿ. ನಡುವೆ ಇಳಿದರೆ ಎಲ್ಲ ಕಡೆಯೂ ನೂಕುನುಗ್ಗಲು. ವಯಸ್ಸಾದವರು ಜೊತೆಗಿದ್ದರೆ ಕೊನೆಯದೇ ಸರಿ. ವೀಲ್‌ಚೇರ್ ಬೇಕಿದ್ದರೆ ಹಿಂದಿನ ದಿನವೇ ಹೇಳಿಡಿ. ನಿಮ್ಮ ಗುಂಪಿನ ಬಣ್ಣ ಕರೆಯುವ ಮೊದಲೇ ಮೆಟ್ಟಿಲ ಹತ್ತಿರ ಬ್ಯಾಗು ಹಿಡಿದು ನಿಲ್ಲುವುದರಿಂದ ಏನೂ ಲಾಭವಿಲ್ಲ, ಸುಮ್ನೆ ಕಾಲುನೋವು. ಊಟದ ಹಾಲ್‌ನಿಂದ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಇಳಿಯುವುದೂ ಬೇಡ.

ಹಂತ 6: ಗೇಟಿನ ಮುಂದೆ

ಸಿಂಗಪುರದಲ್ಲಿ ಈಗ ಅಧಿಕಾರಿ ಕೂರುವ ಕೌಂಟರ್‌ಗಳಿಗಿಂತ ತಾನೇ ತೆರೆಯುವ ಗೇಟುಗಳೇ ಜಾಸ್ತಿಯಾಗುತ್ತಿವೆ. ಗೇಟ್ ಇದ್ದರೆ ಅದಕ್ಕೇ ಹೋಗಿ. ಪಾಸ್‌ಪೋರ್ಟ್‌ನ ಫೋಟೊ ಪುಟವನ್ನು ಗಾಜಿನ ಮೇಲೆ ಬೋರಲು ಇಡಿ, ಒಳಗೆ ಹೋಗಿ, ಕ್ಯಾಮೆರಾ ನೋಡಿ. ಟೋಪಿ, ಕನ್ನಡಕ ತೆಗೆದಿಡಿ. ಅದು ಕಣ್ಣಿನ ಪಾಪೆ ಮತ್ತು ಮುಖ ನೋಡಿ ಗುರುತು ಹಿಡಿಯುತ್ತದೆ. ಆಗದಿದ್ದರೆ ಹೆಬ್ಬೆರಳು ಕೇಳುತ್ತದೆ.

ಪಾಸ್‌ಪೋರ್ಟ್‌ಗೆ ದಪ್ಪ ರೆಕ್ಸಿನ್ ಕವರ್ ಹಾಕಿಸಿಕೊಂಡಿದ್ದೀರಾ? ಹೊರಡುವ ಮೊದಲೇ ಬಿಚ್ಚಿ ಬಿಸಾಕಿ. ಈ ಕವರ್ ಇದ್ದರೆ ಪುಟ ಗಾಜಿನ ಮೇಲೆ ಸಮನಾಗಿ ಕೂರುವುದಿಲ್ಲ. ನಮ್ಮ ಅತ್ತೆಯವರದ್ದನ್ನು ಬಿಚ್ಚುವಷ್ಟರಲ್ಲಿ ಹಿಂದಿನ ಹತ್ತು ಜನ ಬೇರೆ ಗೇಟಿಗೆ ಹೋದರು. ಅದರೊಳಗೆ ಬೋರ್ಡಿಂಗ್ ಪಾಸು, ಸಾಯಿಬಾಬಾ ಫೋಟೊ, ಮಡಿಸಿದ ನೂರರ ನೋಟು, ಎಲ್ಲ ಇತ್ತು.

6 ವರ್ಷಕ್ಕಿಂತ ಚಿಕ್ಕ ಮಕ್ಕಳಿದ್ದರೆ ಅಧಿಕಾರಿಯ ಕೌಂಟರ್‌ಗೆ ಹೋಗಿ. ಅಪ್ಪ ಅಮ್ಮ ಇಬ್ಬರೂ ಅಲ್ಲೇ ನಿಲ್ಲಬೇಕಿಲ್ಲ, ಒಬ್ಬರು ಸಾಕು. ಗೇಟ್ ಕೆಂಪು ತೋರಿಸಿದರೆ ವಾದ ಮಾಡಬೇಡಿ. ಪಕ್ಕದಲ್ಲಿ ನಿಂತಿರುವ ಸಿಬ್ಬಂದಿ ಕೌಂಟರ್ ತೋರಿಸುತ್ತಾರೆ. "ಎಲ್ಲಿಂದ ಬಂದಿರಿ, ಯಾವಾಗ ವಾಪಸ್" ಎಂದು ಕೇಳಿದರೆ ಅಷ್ಟಕ್ಕೇ ಉತ್ತರ ಕೊಡಿ. ವಾಪಸ್ ಹೋಗುವ ಟಿಕೆಟ್ ಫೋನಿನಲ್ಲಿ ಸಿದ್ಧ ಇರಲಿ.

ಹಂತ 7: ಕಸ್ಟಮ್ಸ್

ಬೇಗ ಬಂದವರನ್ನು ನಿಧಾನ ಮಾಡುವುದು ಬಾಟಲಿ. ಸಿಂಗಪುರದ ನಿಯಮದ ಪ್ರಕಾರ ಮಲೇಷ್ಯಾದಿಂದ ಬಂದರೆ ಮದ್ಯಕ್ಕೆ ಸುಂಕ ವಿನಾಯಿತಿ ಇಲ್ಲ. ಬೇರೆ ಕಡೆಯಿಂದ ಬಂದರೂ ಕನಿಷ್ಠ 48 ಗಂಟೆ ಹೊರಗಿದ್ದಿರಬೇಕು. ಸಿಗರೇಟಿಗಂತೂ ವಿನಾಯಿತಿಯೇ ಇಲ್ಲ, ಒಂದು ಪ್ಯಾಕ್ ಇದ್ದರೂ ಕೆಂಪು ಚಾನೆಲ್‌ಗೆ ಹೋಗಿ ಸುಂಕ ಕಟ್ಟಬೇಕು. ಚೂಯಿಂಗ್ ಗಮ್, ಇ-ಸಿಗರೇಟು, ಗುಟ್ಕಾ ತರುವಂತೆಯೇ ಇಲ್ಲ. ಹಡಗಿನ ಅಂಗಡಿಯಲ್ಲಿ ಡ್ಯೂಟಿ ಫ್ರೀ ಅಂತ ಬರೆದಿರುತ್ತದೆ. ಅದು ಹಡಗಿನವರ ಮಾತು, ದಡದವರ ಮಾತಲ್ಲ.

ಹಂತ 8: ಅದೇ ದಿನ ವಿಮಾನ ಇದ್ದರೆ

ಮಧ್ಯಾಹ್ನ 2 ಗಂಟೆಗಿಂತ ಮುಂಚಿನ ವಿಮಾನ ನಾನಂತೂ ಬುಕ್ ಮಾಡುವುದಿಲ್ಲ. ಹಡಗು ತಡವಾಗಿ ಬಂದರೆ ಯಾರನ್ನು ಕೇಳೋಣ? ನಿಮ್ಮ ಹಡಗು ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಬರುತ್ತದೋ, ಹಾರ್ಬರ್‌ಫ್ರಂಟ್‌ಗೋ ಮೊದಲೇ ನೋಡಿಕೊಳ್ಳಿ, ಎರಡೂ ಬೇರೆ ಬೇರೆ ಜಾಗ. ಮರೀನಾ ಬೇಯಿಂದ ಚಾಂಗಿ ಸುಮಾರು 20 ಕಿಲೋಮೀಟರ್. ಟ್ಯಾಕ್ಸಿ ಸಾಲು ಉದ್ದ ಇದ್ದರೆ ಮರೀನಾ ಸೌತ್ ಪಿಯರ್ ಮೆಟ್ರೊ ಸ್ಟೇಷನ್ ಹತ್ತಿರದಲ್ಲೇ ಇದೆ, ಸಣ್ಣ ಟ್ರಾಲಿ ಇದ್ದವರಿಗೆ ಅದೇ ವಾಸಿ. ಚಾಂಗಿಗೆ ಬೇಗ ತಲುಪಿದರೆ ಬ್ಯಾಗ್ ಕೊಟ್ಟು ಅಲ್ಲಿನ ಜುವೆಲ್ ಮಾಲ್‌ನಲ್ಲಿ 40 ಮೀಟರ್ ಎತ್ತರದ ಜಲಪಾತದ ಮುಂದೆ ಕೂರಿ. ಮೂಲೆಯಲ್ಲಿ ಫಾರಂ ತುಂಬುತ್ತಿದ್ದ ನಿಮ್ಮ ಸಹಪ್ರಯಾಣಿಕರು ಅಲ್ಲಿಗೆ ಬರುವಷ್ಟರಲ್ಲಿ ನಿಮ್ಮದು ಎರಡನೇ ಕಾಫಿ ಆಗಿರುತ್ತದೆ.