ಕೌನ್ಸೆಲರ್ ಕೇಳಿದ್ದಕ್ಕೆ ಮಗಳೇ ಉತ್ತರ ಹೇಳಲಿ

ಪುನರ್ವಸತಿ ಕೌನ್ಸೆಲರ್ ಅಂದರೆ ಅಂಗವೈಕಲ್ಯದ ಸರ್ಟಿಫಿಕೇಟ್ ಮಾಡಿಸಿಕೊಡುವವರು ಅಂತಲೇ ಬಹಳ ಜನ ತಿಳಿದಿದ್ದಾರೆ. ಮನೆಯವರು ಬರುತ್ತಾರೆ, ಫೈಲು ಮೇಜಿನ ಮೇಲಿಡುತ್ತಾರೆ, 'ಯಾವುದಾದರೂ ಸ್ಕೀಮ್ ಇದ್ದರೆ ಹೇಳಿ ಮೇಡಂ' ಅನ್ನುತ್ತಾರೆ. ಫೈಲು ಯಾರ ಹೆಸರಿನಲ್ಲಿದೆಯೋ ಅವರು ಪಕ್ಕದಲ್ಲೇ ಕೂತಿರುತ್ತಾರೆ, ಅವರನ್ನು ಯಾರೂ ಏನೂ ಕೇಳುವುದಿಲ್ಲ. ಈ ಕೆಲಸಕ್ಕೆ ಬಂದಾಗಿನಿಂದ ನಾನು ನೋಡುತ್ತಿರುವ ದೊಡ್ಡ ತಪ್ಪು ಇದೇ. ಸ್ಕೀಮು ಬೇಕು, ನಿಜ. ಆದರೆ ಈ ವಯಸ್ಸಿನಲ್ಲಿ ಈ ವ್ಯಕ್ತಿಗೆ ಏನು ಬೇಕು, ಅದಕ್ಕೆ ಏನು ಕಲಿಯಬೇಕು, ಮನೆಯಲ್ಲಿ ಏನು ಬದಲಾಗಬೇಕು ಅಂತ ಅವರ ಜೊತೆಗೇ ಕೂತು ಗೊತ್ತುಮಾಡುವುದು ನಮ್ಮ ಮುಖ್ಯ ಕೆಲಸ.

ಮೊದಲು ಯಾರನ್ನು ಕಾಣಬೇಕು?

ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು). ಅವರಿಂದ ಜಿಲ್ಲಾ ಪುನರ್ವಸತಿ ಕೇಂದ್ರದ ದಾರಿ ಸಿಗುತ್ತದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಇದಕ್ಕೆ ಸರ್ಕಾರಿ ಶುಲ್ಕ ಇಲ್ಲ, ದಲ್ಲಾಳಿಗೆ ದುಡ್ಡು ಕೊಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ 40 ಅಂಗವೈಕಲ್ಯ ಇರಬೇಕು. ಅಷ್ಟಿಲ್ಲದಿದ್ದರೂ ಕೌನ್ಸೆಲರ್ ಹತ್ತಿರ ಹೋಗಬಹುದು. ನೆರವಿಗೆ ಪರ್ಸೆಂಟೇಜ್ ಬೇಕಿಲ್ಲ.

ಹುಟ್ಟಿನಿಂದ ಆರು ವರ್ಷ

ಕಾಯಬೇಡಿ. 'ಅವರಪ್ಪನೂ ತಡವಾಗಿಯೇ ಮಾತಾಡಿದ್ದು' ಅನ್ನುವ ಮಾತಿನಲ್ಲಿ ಎಷ್ಟೋ ಮಕ್ಕಳ ಎರಡು ಮೂರು ವರ್ಷ ಹೋಗಿಬಿಟ್ಟಿದೆ. ಕಿವಿಯ ವಿಷಯದಲ್ಲಂತೂ ಲೆಕ್ಕ ಸ್ಪಷ್ಟ: ಮಗುವಿಗೆ 1 ತಿಂಗಳಾಗುವುದರೊಳಗೆ ಮೊದಲ ಪರೀಕ್ಷೆ, 3 ತಿಂಗಳೊಳಗೆ ಖಚಿತ ಮಾಡಿಕೊಳ್ಳುವುದು, 6 ತಿಂಗಳೊಳಗೆ ಚಿಕಿತ್ಸೆ ಶುರು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕೆ. ಬೇರೆ ತೊಂದರೆಗಳಿಗೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಹೋಗಿ. ಬುದ್ಧಿ ಚುರುಕಾಗುತ್ತದೆ ಅಂತ ಮಾರುವ ಪುಡಿ, ಟಾನಿಕ್ಕುಗಳಿಗೆ ಒಂದು ಪೈಸೆಯನ್ನೂ ಹಾಕಬೇಡಿ. ಆ ದುಡ್ಡು ಥೆರಪಿಗೆ ಹೋಗಿಬರುವ ಬಸ್ ಚಾರ್ಜಿಗೆ ಆಗುತ್ತದೆ.

ಶಾಲೆ

6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಎಸ್ಸೆಸ್ಸೆಲ್ಸಿಯಲ್ಲಿ ಬರೆಯಲು ಸಹಾಯಕರು, ಹೆಚ್ಚಿನ ಸಮಯ ಬೇಕಿದ್ದರೆ ಶಾಲೆ ಶುರುವಾದಾಗಲೇ ಕೇಳಿ, ಹಾಲ್ ಟಿಕೆಟ್ ಬಂದ ಮೇಲಲ್ಲ.

ಹದಿನಾಲ್ಕರಿಂದ ಇಪ್ಪತ್ತೊಂದು: ಎಲ್ಲರೂ ಎಡವುವುದು ಇಲ್ಲೇ

ಶಾಲೆ ಮುಗಿಯುತ್ತದೆ, ಯೂನಿಫಾರ್ಮ್ ಕಳಚುತ್ತಾರೆ, ಆಮೇಲೆ ಟಿವಿ ಮುಂದೆ ಕೂರುತ್ತಾರೆ. ಮೂರು ವರ್ಷ ಕಳೆದ ಮೇಲೆ ನಮ್ಮಲ್ಲಿಗೆ ಕರೆದುಕೊಂಡು ಬರುತ್ತಾರೆ. ಅಷ್ಟರಲ್ಲಿ ಬೆಳಿಗ್ಗೆ ಏಳುವುದು, ಸ್ನಾನ, ಹೊತ್ತಿಗೆ ಸರಿಯಾಗಿ ಹೊರಡುವುದು, ಶಾಲೆಯಲ್ಲಿ ಕಲಿತ ಎಲ್ಲ ಅಭ್ಯಾಸವೂ ಬಿಟ್ಟುಹೋಗಿರುತ್ತದೆ. ಅದಕ್ಕೇ ಹೇಳುವುದು, ಹದಿನಾಲ್ಕಕ್ಕೇ ಬನ್ನಿ.

ಹಾಗೆ ತಡವಾಗಿ ಬಂದ ಒಬ್ಬ ಹುಡುಗಿ. ಹತ್ತೊಂಬತ್ತು ವರ್ಷ, ಬೌದ್ಧಿಕ ಅಂಗವೈಕಲ್ಯ. 'ಏನು ಕೆಲಸ ಮಾಡೋಕೆ ಇಷ್ಟಮ್ಮಾ?' ಅಂತ ಅವಳನ್ನು ಕೇಳಿದೆ. 'ಅವಳಿಗೆ ಅಷ್ಟೆಲ್ಲ ಗೊತ್ತಾಗಲ್ಲ ಮೇಡಂ, ಟೈಲರಿಂಗ್ ಕಲಿಸಿಬಿಡಿ' ಅಂದರು ತಾಯಿ. ಅವರನ್ನು ಟೀ ಕುಡಿದು ಬನ್ನಿ ಅಂತ ಕಳಿಸಿ ಸುಮ್ನೆ ಕೂತೆ. ಹುಡುಗಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು. ನಾಲ್ಕೈದು ನಿಮಿಷ ಆದ ಮೇಲೆ 'ಬೇಕರಿ' ಅಂದಳು. ಬೇಕರಿಯಲ್ಲಿ ಏನು? 'ಡಬ್ಬಕ್ಕೆ ದಾರ ಕಟ್ಟೋದು.' ತಮ್ಮನ ಜೊತೆ ಪ್ರತಿ ಭಾನುವಾರ ಬೇಕರಿಗೆ ಹೋಗಿ ಅಲ್ಲಿಯವರು ಸ್ವೀಟ್ ಡಬ್ಬಕ್ಕೆ ದಾರ ಸುತ್ತುವುದನ್ನು ಅವಳು ನೋಡುತ್ತಾ ನಿಲ್ಲುತ್ತಿದ್ದಳಂತೆ. ತಾಯಿಗೆ ಇದು ಗೊತ್ತೇ ಇರಲಿಲ್ಲ. ಆ ನಾಲ್ಕೈದು ನಿಮಿಷ ಬಾಯಿ ಮುಚ್ಚಿಕೊಂಡು ಕಾಯುವುದು ಕೌನ್ಸೆಲಿಂಗಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಮನೆಯವರೂ ಅದನ್ನು ಕಲಿಯಲೇಬೇಕು.

ಬೇಕರಿಯವರು ದಿನಕ್ಕೆ ಎರಡು ಗಂಟೆ ಬರಲಿ ಅಂತ ಒಪ್ಪಿದರು. ಆದರೆ ದಾರ ಕಟ್ಟುವುದಕ್ಕಿಂತ ಮುಂಚೆ ಬಸ್ಸು ಕಲಿಸಬೇಕು. 'ಅಪ್ಪ ಬೈಕಲ್ಲಿ ಬಿಡ್ತಾರೆ' ಅನ್ನುವ ಅಡ್ಡದಾರಿ ಬೇಡ. ಅಪ್ಪನಿಗೆ ಜ್ವರ ಬಂದ ದಿನ ಮಗಳ ಕೆಲಸ ನಿಲ್ಲುತ್ತದೆ.

ಬಸ್ ಪ್ರಯಾಣವನ್ನು ಸಣ್ಣ ಸಣ್ಣ ತುಂಡು ಮಾಡಬೇಕು. ಗಡಿಯಾರ ನೋಡಲು ಬರುತ್ತಿರಲಿಲ್ಲ, ಹೊರಡುವ ಹೊತ್ತಿಗೆ ಮುಳ್ಳುಗಳು ಎಲ್ಲಿರುತ್ತವೋ ಅಲ್ಲಿ ಬಿಂದಿ ಅಂಟಿಸಿದೆವು. ಬೋರ್ಡು ಓದಲು ಬರುತ್ತಿರಲಿಲ್ಲ, ಊರಿನ ಹೆಸರು ಹೇಳಿ ಕಂಡಕ್ಟರನ್ನು ಕೇಳಿಯೇ ಹತ್ತುವುದನ್ನು ಅಭ್ಯಾಸ ಮಾಡಿಸಿದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ ನಿಜ, ಆದರೂ ಆಧಾರ್‌ನಂಥ ಗುರುತಿನ ಕಾರ್ಡ್ ತೋರಿಸಬೇಕು, ಶೂನ್ಯ ಟಿಕೆಟ್ ತಗೊಂಡು ಇಳಿಯುವವರೆಗೂ ಇಟ್ಟುಕೊಳ್ಳಬೇಕು. ಇವಳು ಅದನ್ನು ಕೊಟ್ಟ ಕೂಡಲೇ ಮುದುಡಿ ಕಿಟಕಿಯಿಂದ ಬಿಸಾಡುತ್ತಿದ್ದಳು. ಕೊರಳಿಗೆ ಒಂದು ಸಣ್ಣ ಪೌಚ್ ಹಾಕಿ, ಕಾರ್ಡು ತೆಗೆ, ತೋರಿಸು, ಟಿಕೆಟ್ ಒಳಗಿಡು, ಜಿಪ್ ಎಳೆ ಅಂತ ಮನೆಯ ಸೋಫಾದ ಮೇಲೇ ಎಷ್ಟು ಸಲ ಮಾಡಿದೆವೋ. ನೀರಿನ ಟ್ಯಾಂಕ್ ಕಂಡಾಗ ಸೀಟಿನಿಂದ ಏಳಬೇಕು ಅನ್ನುವುದು ಕೊನೆಯ ತುಂಡು.

ಮೊದಲ ವಾರ ನಾನು ಪಕ್ಕದ ಸೀಟಿನಲ್ಲಿ, ಎರಡನೇ ವಾರ ಹಿಂದಿನ ಸೀಟಿನಲ್ಲಿ, ಮೂರನೇ ವಾರ ಬಸ್ಸಿನ ಕೊನೆಯಲ್ಲಿ. ನಾಲ್ಕನೇ ವಾರ ಒಂದು ದಿನ ಟ್ಯಾಂಕ್ ದಾಟಿದರೂ ಅವಳು ಏಳಲಿಲ್ಲ. ನಾನು ಬೇಕಂತಲೇ ಹೇಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದಳು, ಗಾಬರಿಯಾದಳು, ಆಮೇಲೆ ಪೌಚಿನಿಂದ ನಂಬರ್ ಬರೆದ ಚೀಟಿ ತೆಗೆದು ಅಂಗಡಿಯವರಿಗೆ ಕೊಟ್ಟು 'ಅಮ್ಮನಿಗೆ ಫೋನ್ ಮಾಡಿ' ಅಂದಳು. ಸ್ಟಾಪ್ ತಪ್ಪಿದಾಗ ಏನು ಮಾಡಬೇಕು ಅನ್ನುವುದನ್ನೂ ಹೀಗೆ, ಹತ್ತಿರ ಯಾರಾದರೂ ಇರುವಾಗಲೇ ಕಲಿಸಬೇಕು. ಆರನೇ ವಾರ ಒಬ್ಬಳೇ ಹೋದಳು.

ಕೆಲಸಕ್ಕೆ ಸೇರಿದ ಮೇಲೂ ಕೌನ್ಸೆಲರ್ ವಾರಕ್ಕೊಮ್ಮೆ ಹೋಗಿ ನೋಡಬೇಕು. ಬೇಕರಿಯಲ್ಲಿ ಮೂವರು ಮೂರು ಥರ ಹೇಳಿದರೆ ಅವಳ ಕೈ ನಿಂತುಬಿಡುತ್ತಿತ್ತು. ಒಬ್ಬರೇ ಹೇಳಿ ಅಂತ ಗೊತ್ತುಮಾಡಿದ ಮೇಲೆ ಸರಿಹೋಯಿತು. ಇನ್ನೊಂದು, ಬಂದವರನ್ನೆಲ್ಲ ಮೇಣದಬತ್ತಿ ಮಾಡಲು ಕೂರಿಸುವ ತರಬೇತಿಗಳಿಗೆ ಕಳಿಸಬೇಡಿ. ಮಾರುಕಟ್ಟೆ ಇಲ್ಲದ ಕೆಲಸ ಕಲಿತು ಏನು ಮಾಡುವುದು? ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ 4 ಮೀಸಲಾತಿ ಇದೆ, ಅರ್ಜಿ ಹಾಕಿ, ಆದರೆ ಅದಕ್ಕೆ ಕಾಯುತ್ತಾ ಮನೆಯಲ್ಲಿ ಕೂರಬೇಡಿ.

ಹದಿನೆಂಟು ತುಂಬಿದಾಗ ಕಾನೂನಿನ ಪ್ರಕಾರ ತಂದೆತಾಯಿ ತಾವಾಗಿಯೇ ಪೋಷಕರಾಗಿ (ಗಾರ್ಡಿಯನ್, ಅಂದರೆ ಮಕ್ಕಳ ಪರವಾಗಿ ತೀರ್ಮಾನ ಮಾಡುವವರಾಗಿ) ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ಆದರೆ ಎಲ್ಲರಿಗೂ ಇದು ಬೇಕಾಗುವುದಿಲ್ಲ. ಸಹಿ ಮಾಡುವುದನ್ನೂ ಎಟಿಎಂ ಬಳಸುವುದನ್ನೂ ಕಲಿಯಬಲ್ಲವರ ಹಕ್ಕನ್ನು ಯಾಕೆ ಕಿತ್ತುಕೊಳ್ಳಬೇಕು? ಅರ್ಜಿಗೆ ಮುಂಚೆ ಕೌನ್ಸೆಲರ್ ಜೊತೆ ಮಾತಾಡಿ.

ನಡುವಯಸ್ಸಿನಲ್ಲಿ ಅಪಘಾತ

ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ನಮ್ಮ ಕಡೆ ಜಾಸ್ತಿ. ಆಸ್ಪತ್ರೆಯ ಮಂಚದ ಮೇಲೆ ಅವರ ಹತ್ತಿರ ಉದ್ಯೋಗದ ಮಾತು ಎತ್ತಬೇಡಿ. ವ್ಹೀಲ್‌ಚೇರಿನಲ್ಲಿ ಬದುಕು ಕಟ್ಟಿಕೊಂಡ ಒಬ್ಬರನ್ನು ಕರೆತಂದು ಮಾತಾಡಿಸಿ, ನನ್ನ ಹತ್ತು ಮಾತಿಗಿಂತ ಅದು ಮೇಲು. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಥರದ ಸಂಸ್ಥೆಗಳಲ್ಲಿ ಅಂಥವರು ಸಿಗುತ್ತಾರೆ. ಕ್ಯಾಂಪಿನಲ್ಲಿ ಕೊಡುವ ಒಂದೇ ಅಳತೆಯ ಕುರ್ಚಿಗೆ ಹಾಗೇ ಒಪ್ಪಿಕೊಳ್ಳಬೇಡಿ. ಸೊಂಟದ ಅಳತೆ ತೆಗೆಸಿ, ಒಳ್ಳೆಯ ಕುಶನ್ ಕೇಳಿ, ಅರ್ಧ ಗಂಟೆಗೊಮ್ಮೆಯಾದರೂ ಕೈಯೂರಿ ಮೈ ಎತ್ತುವುದನ್ನು ಕಲಿಸಿ. ಇಲ್ಲದಿದ್ದರೆ ಕೂತ ಜಾಗ ಹುಣ್ಣಾಗುತ್ತದೆ.

ಸರ್ಕಾರಿ ನೌಕರರಾಗಿದ್ದರೆ ರಾಜೀನಾಮೆ ಪತ್ರಕ್ಕೆ ಸಹಿ ಮಾಡಲೇಬೇಡಿ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂತು ಅಂತ ಕೆಲಸದಿಂದ ತೆಗೆಯುವ ಹಾಗಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಅಂತ 2016ರ ಕಾಯ್ದೆಯ 20ನೇ ಕಲಮಿನಲ್ಲೇ ಇದೆ.

ವಯಸ್ಸಾದವರು

ಸ್ಟ್ರೋಕ್ ಆದ ಅಜ್ಜ ಡಿಸ್ಚಾರ್ಜ್ ಆಗುವ ಮುಂಚೆಯೇ ಕೌನ್ಸೆಲರನ್ನೋ ಥೆರಪಿಸ್ಟನ್ನೋ ಮನೆಗೆ ಕರೆಸಿ. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ. ಮಂಚದ ಅಂಚಿನಲ್ಲಿ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತಾಗದಿದ್ದರೆ ಬಡಗಿಯನ್ನು ಕರೆದು ಮಂಚದ ಕಾಲು ಕೊಯ್ಯಿಸಿ. ತೀರಾ ತಗ್ಗಾದರೆ ಏಳಲು ಆಗುವುದಿಲ್ಲ, ಎಷ್ಟು ಕೊಯ್ಯಬೇಕು ಅಂತ ಅಜ್ಜನ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಟೇಪು ಹಿಡಿದು ಅಳೆದುಕೊಳ್ಳಿ.