ಹಂಗಾಮಿನ ಹಣ್ಣು-ತರಕಾರಿ: ಆರಿಸುವುದು, ಇಡುವುದು, ಕೂಡಿಡುವುದು

ಗಿಡದಿಂದ ಬಿಡಿಸಿದ ಮೇಲೂ ಕಾಯಿ ಉಸಿರಾಡುತ್ತಲೇ ಇರುತ್ತದೆ. ಬೇರಿನಿಂದ ಏನೂ ಬಾರದೆ ತನ್ನೊಳಗಿನ ಸಕ್ಕರೆಯನ್ನೇ ಕರಗಿಸಿಕೊಳ್ಳುತ್ತದೆ. ಹಸಿ ಬಟಾಣಿ, ಸಿಹಿ ಜೋಳದಲ್ಲಿ ಇದು ಬಾಯಿಗೇ ಗೊತ್ತಾಗುತ್ತದೆ: ಸಕ್ಕರೆ ಬೇಗ ಪಿಷ್ಟವಾಗುವುದರಿಂದ ಸಿಹಿಯಾಗಿದ್ದ ಕಾಳು ಬಿಸಿಲಿನಲ್ಲಿ ಒಂದೆರಡು ದಿನ ಕಳೆದರೆ ಸಪ್ಪೆ, ಹಿಟ್ಟುಹಿಟ್ಟು. ಪಾಲಕ್ ಸೊಪ್ಪಿನಲ್ಲಿ ಆಗುವ ನಷ್ಟ ಮಾತ್ರ ನಾಲಿಗೆಗೆ ತಿಳಿಯುವುದಿಲ್ಲ. ಎಲೆ ಹಸಿರಾಗಿಯೇ ಕಾಣುತ್ತಿದ್ದರೂ ವಿಟಮಿನ್ ಸಿ ಇಳಿಯುತ್ತಿರುತ್ತದೆ. ಹಂಗಾಮಿನದನ್ನು ತಿನ್ನಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಆಗ ಕೊಯ್ಲಿಗೂ ಊಟಕ್ಕೂ ಅಂತರ ಕಡಿಮೆ.

ಹಂಗಾಮಿನ ಮೊದಲ ವಾರದಲ್ಲೇ ಆತುರಪಡಬೇಡಿ. ಆಗ ಬರುವುದರಲ್ಲಿ ಬಲಿಯುವ ಮುನ್ನ ಕೊಯ್ದದ್ದು ಹೆಚ್ಚು. ಕೊನೆಯಲ್ಲಿ ಬೀನ್ಸ್, ಬೆಂಡೆ ನಾರಾಗುತ್ತವೆ. ನಡುವಿನ ವಾರಗಳೇ ಚೆನ್ನ. ಬೆಂಡೆಯ ತುದಿ ಬೆರಳಿಗೆ ಪಟ್ಟನೆ ಮುರಿಯಬೇಕು, ಬಾಗಿದರೆ ಬಲಿತಿದೆ ಎಂದರ್ಥ. ಜೋಳದ ಕಾಳನ್ನು ಉಗುರಿನಿಂದ ಒತ್ತಿದಾಗ ಹಾಲಿನಂಥ ರಸ ಬರಬೇಕು.

ಹಣ್ಣಿನಲ್ಲಿ ಒಂದು ಭೇದ ತಿಳಿದಿರಬೇಕು. ಬಾಳೆ, ಮಾವು, ಪಪ್ಪಾಯಿ ಬಲಿತಿದ್ದರೆ ಕಿತ್ತ ಮೇಲೂ ಹಣ್ಣಾಗುತ್ತವೆ. ದ್ರಾಕ್ಷಿ, ಕಿತ್ತಳೆ, ದಾಳಿಂಬೆ, ಸ್ಟ್ರಾಬೆರಿ ಹಾಗಲ್ಲ. ಕಿತ್ತ ದಿನ ಹುಳಿ ಇದ್ದ ದ್ರಾಕ್ಷಿ ಎಷ್ಟು ದಿನ ಇಟ್ಟರೂ ಸಿಹಿಯಾಗದು. ಇವನ್ನು ಹಂಗಾಮಿನ ಹೊರಗೆ ಕೊಳ್ಳದಿರುವುದೇ ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ, ಆಲೂಗಡ್ಡೆಯಂಥ ಗಡ್ಡೆಗಳನ್ನು ಬಿಟ್ಟು. ನಾಲ್ಕು ಜನಕ್ಕೆ ಮೂರು ದಿನಕ್ಕೆ 4.8 ಕಿಲೋ. ಸಿಪ್ಪೆ, ತೊಟ್ಟು ಸೇರಿ ಆರು ಕಿಲೋ ತಂದರೆ ಸರಿಹೋಗುತ್ತದೆ. ಮೊದಲ ದಿನ ಸೊಪ್ಪು, ಬಟಾಣಿ, ಜೋಳ. ಆಮೇಲೆ ಬೀನ್ಸ್, ಹೂಕೋಸು. ಕೊನೆಗೆ ಎಲೆಕೋಸು, ಕ್ಯಾರೆಟ್, ಕುಂಬಳ. ಈ ಸರದಿ ತಪ್ಪಿದರೆ ತಾಜಾ ತಂದ ಶ್ರಮವೇ ವ್ಯರ್ಥ.

ಇಡುವಾಗ ಆಗುವ ತಪ್ಪುಗಳು ಬಹಳ. ಸೊಪ್ಪನ್ನು ತೊಳೆದು ಒದ್ದೆಯಾಗಿ ಇಟ್ಟರೆ ಕೊಳೆಯುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿಟ್ಟು, ಹೆಚ್ಚುವ ಮುಂಚೆ ತೊಳೆಯಿರಿ. ಟೊಮೆಟೊ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹಳ ದಿನ ಇದ್ದರೆ ಪರಿಮಳ ಕಳೆದುಕೊಳ್ಳುತ್ತದೆ, ಹಾಗಾಗಿ ಪೂರ್ತಿ ಹಣ್ಣಾಗುವವರೆಗೆ ಹೊರಗಿರಲಿ. ಸೌತೆ, ಬದನೆಗೂ ಫ್ರಿಜ್‌ನ ಅತಿ ತಂಪು ಆಗದು, ಸಿಪ್ಪೆಯಲ್ಲಿ ಗುಳಿ ಬೀಳುತ್ತದೆ. ಸೇಬನ್ನು ಸೊಪ್ಪಿನ ಪಕ್ಕ ಇಡಲೇಬೇಡಿ. ಅದು ಬಿಡುವ ಎಥಿಲೀನ್ ಅನಿಲಕ್ಕೆ ಎಲೆ ಹಳದಿಯಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ.

ಹೆಚ್ಚಾಗಿ ಸಿಕ್ಕಾಗ ಕೂಡಿಡುವುದು ಹೀಗೆ. ಅರ್ಧ ಕಿಲೋ ಬಟಾಣಿಗೆ ನಾಲ್ಕು ಲೀಟರ್ ನೀರು ಕುದಿಸಿ. ಕಾಳು ಹಾಕಿದ ಒಂದು ನಿಮಿಷದೊಳಗೆ ನೀರು ಮತ್ತೆ ಕುದಿಯಬೇಕು. ಕುದಿಯದಿದ್ದರೆ ಕಾಳು ಜಾಸ್ತಿಯಾಗಿದೆ, ಎರಡು ಸಲಕ್ಕೆ ಮಾಡಿ. ಕುದಿ ಬಂದಮೇಲೆ ಒಂದೂವರೆ ನಿಮಿಷ, ಬೀನ್ಸ್ ಆದರೆ ಮೂರು ನಿಮಿಷ. ತಕ್ಷಣ ಸೋಸಿ, ಐಸ್ ಹಾಕಿದ ನೀರಿನಲ್ಲಿ ಅಷ್ಟೇ ಹೊತ್ತು ಮುಳುಗಿಸಿ. ಬಟ್ಟೆಯ ಮೇಲೆ ಹರಡಿ ನೀರಾರಿಸಿ. ಇಲ್ಲಿ ಅವಸರ ಬೇಡ, ಉಳಿದ ತೇವವೇ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ಗಡ್ಡೆ ಕಟ್ಟಿಸುವುದು. ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರ್‌ನಲ್ಲಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ, ಗಾಳಿ ತೆಗೆದು, ತಾರೀಖು ಬರೆಯಿರಿ. ಒಟ್ಟಿಗೆ ರಾಶಿ ಹಾಕಿದರೆ ನಿಧಾನ ಹೆಪ್ಪುಗಟ್ಟಿ, ದೊಡ್ಡ ಮಂಜಿನ ಹರಳುಗಳು ಕಾಳಿನ ಜೀವಕೋಶಗಳನ್ನು ಒಡೆಯುತ್ತವೆ, ಕರಗಿದಾಗ ಮೆತ್ತಗಾಗುತ್ತದೆ. ಕುದಿಸದೆ ಇಟ್ಟವರಿಗೆ ಕೆಲವು ತಿಂಗಳಲ್ಲಿ ಹುಲ್ಲಿನಂಥ ವಾಸನೆ ಬರುತ್ತದೆ, ಏಕೆಂದರೆ ಕಾಳಿನೊಳಗಿನ ಕಿಣ್ವಗಳು ಆ ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತಿರುತ್ತವೆ.

ಮೈನಸ್ 18 ಡಿಗ್ರಿಯಲ್ಲಿ ಇದು ಎಂಟು ತಿಂಗಳಿಗೂ ಹೆಚ್ಚು ಚೆನ್ನಾಗಿರುತ್ತದೆ. ಹಂಗಾಮು ಮುಗಿದ ಮೇಲೆ ಎಷ್ಟೋ ದಿನ ಪ್ರಯಾಣ ಮಾಡಿ ಬಂದ ‘ತಾಜಾ’ ಬಟಾಣಿಗಿಂತ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಅಡುಗೆಗೆ ಕರಗಿಸುವುದೂ ಬೇಡ, ಫ್ರೀಜರ್‌ನಿಂದ ನೇರ ಬಾಣಲೆಗೆ ಹಾಕಬಹುದು. ಒಮ್ಮೆ ಕುದಿಸಿದ್ದಾದ್ದರಿಂದ ಹಸಿ ಕಾಳಿಗಿಂತ ಬೇಗ ಬೇಯುತ್ತದೆ.